ಗುಣವಾಗದಿರಬಹುದು, ಆದರೆ ಚಿಕಿತ್ಸೆ ಇಲ್ಲ ಅನ್ನಬೇಡಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಅಪರೂಪದ ಕಾಯಿಲೆಗಳ ಬಗ್ಗೆ ಒಂದು ಬರಹ ಬಂದಿತ್ತು. ಸ್ಕ್ಲೆರೋಡರ್ಮಾಕ್ಕೆ ಅದರಲ್ಲಿ ನಾಲ್ಕೇ ಸಾಲು. ಚರ್ಮ ಗಟ್ಟಿಯಾಗುತ್ತದೆ, ಇದಕ್ಕೆ ಚಿಕಿತ್ಸೆ ಇಲ್ಲ ಅಂತ ಹೇಳಿ ಮುಂದಿನ ಕಾಯಿಲೆಗೆ ಹೋಗಿಬಿಟ್ಟಿದ್ದರು. ನನ್ನ ಅಕ್ಕನಿಗೆ ಆರು ವರ್ಷದಿಂದ ಇದೇ ಕಾಯಿಲೆ. ಆ ಭಾನುವಾರ ನಾನು ಅವಳ ಮನೆಯಲ್ಲೇ ಇದ್ದೆ. ಪೇಪರ್ ಓದಿದಳು, ಮಡಚಿ ಇಟ್ಟಳು, ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅಲ್ಲಿಂದಲೇ ಕೇಳಿದಳು, "ಹಂಗಾದ್ರೆ ನಾನು ಇಷ್ಟು ವರ್ಷ ನುಂಗಿದ ಮಾತ್ರೆ ಎಲ್ಲ ಸುಮ್ನೇನಾ?"

ಸುಮ್ನೆ ಅಲ್ಲ. ಅದನ್ನು ಹೇಳಲಿಕ್ಕೇ ಈ ಪತ್ರ. ಗುಣ ಆಗುವುದಿಲ್ಲ ಅನ್ನುವುದು ಬೇರೆ, ಚಿಕಿತ್ಸೆ ಇಲ್ಲ ಅನ್ನುವುದು ಬೇರೆ. ಶುಗರ್ ಗುಣ ಆಗುತ್ತದಾ? ಬಿಪಿ ಗುಣ ಆಗುತ್ತದಾ? ಆದರೂ ಅವಕ್ಕೆ ಚಿಕಿತ್ಸೆ ಇಲ್ಲ ಅಂತ ಯಾರೂ ಬರೆಯುವುದಿಲ್ಲ, ಅಲ್ವಾ. ನಾನು ಡಾಕ್ಟರಲ್ಲ, ಹೈಸ್ಕೂಲ್ ಟೀಚರ್. ಆದರೆ ಅಕ್ಕನ ಜೊತೆ ಆಸ್ಪತ್ರೆಗೆ ಓಡಾಡಿ, ಡಾಕ್ಟರನ್ನು ಕೇಳಿ, ಸಿಕ್ಕಿದ್ದನ್ನೆಲ್ಲ ಓದಿ ತಿಳಿದುಕೊಂಡಿದ್ದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗಬಹುದು, ದಯವಿಟ್ಟು ಕತ್ತರಿಸಬೇಡಿ.

ಇದು ಮೊದಲಾಗಿದ್ದು ಚಳಿಗಾಲದಲ್ಲಿ, ಕಾಫಿ ಕೊಯ್ಲಿನ ಹೊತ್ತಿನಲ್ಲಿ. ನಮ್ಮದು ಸಕಲೇಶಪುರದ ಕಡೆ, ಭಾವ ಒಂದು ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು. ಬೆಳಿಗ್ಗೆ ತಣ್ಣೀರಲ್ಲಿ ಪಾತ್ರೆ ತೊಳೆದು ಎದ್ದರೆ ಅಕ್ಕನ ಎರಡೂ ಕೈಯ ಬೆರಳು ತುದಿಯಿಂದ ಎರಡನೇ ಗೆಣ್ಣಿನ ತನಕ ಸೀಮೆಸುಣ್ಣದ ಹಾಗೆ ಬಿಳಿ. ಗೆರೆ ಎಳೆದ ಹಾಗೆ, ಅಲ್ಲಿಂದ ಮೇಲೆ ಮಾಮೂಲಿ ಬಣ್ಣ. ಒಲೆ ಮುಂದೆ ಕೂತರೆ ಆ ಬಿಳಿ ನೇರಳೆಯಾಗಿ, ಆಮೇಲೆ ಕೆಂಪಾಗಿ, ಉರಿ ಶುರುವಾಗುತ್ತಿತ್ತು. ನಾವೆಲ್ಲ 'ಥಂಡಿ' ಅಂದುಕೊಂಡೆವು. ರಕ್ತ ಕಡಿಮೆ ಇರಬೇಕು, ಬೀಟ್‌ರೂಟ್ ತಿನ್ನು ಅಂತ ಅಮ್ಮ. ಇದಕ್ಕೆ ರೇನೋ ಅಂತ ಹೆಸರಿದೆ, ಮೊರಿಸ್ ರೇನೋ ಅನ್ನುವ ಫ್ರೆಂಚ್ ಡಾಕ್ಟರ್ 1862ರಲ್ಲೇ ಇದರ ಬಗ್ಗೆ ಬರೆದಿದ್ದರು ಅಂತ ನಮಗೆ ಗೊತ್ತಾಗಿದ್ದು ಬಹಳ ತಡವಾಗಿ. ಹೀಗೆ ಬೆರಳು ಬಿಳಿಯಾಗುವವರೆಲ್ಲರಿಗೂ ಸ್ಕ್ಲೆರೋಡರ್ಮಾ ಇರುವುದಿಲ್ಲ. ವಯಸ್ಸಿನ ಹುಡುಗಿಯರಲ್ಲಿ ಎಷ್ಟೋ ಜನರಿಗೆ ಇದು ಬರೀ ಚಳಿಯ ತೊಂದರೆಯಾಗಿಯೇ ಉಳಿಯುತ್ತದೆ. ಯಾರೂ ಹೆದರಿಕೊಳ್ಳಬೇಡಿ. ಆದರೆ ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದರೆ, ಬೆರಳು ಊದಿಕೊಂಡರೆ, ತುದಿಯಲ್ಲಿ ಹುಣ್ಣಾದರೆ ಮಾತ್ರ ಸುಮ್ಮನಿರಬೇಡಿ.

ಮುಂದಿನ ಗೌರಿ ಹಬ್ಬಕ್ಕೆ ಬಳೆ ಇಡಿಸಿಕೊಳ್ಳಲು ಕೂತಾಗ ನಮಗೆ ಗಾಬರಿಯಾಯಿತು. ಬಳೆ ಹಾಕುವಾಕೆ ಹಳಬಳು, ಅಕ್ಕನ ಅಳತೆ ಅವಳಿಗೆ ಬಾಯಿಪಾಠ. ಕೈಯನ್ನು ಒತ್ತಿ ಮಡಚಿ ಒಳಗೆ ತಳ್ಳಲು ನೋಡಿದಳು. ಕೈ ಮಡಚಲೇ ಇಲ್ಲ. ಹೆಬ್ಬೆಟ್ಟಿನ ಬುಡದ ಚರ್ಮವನ್ನು ಎರಡು ಬೆರಳಿನಲ್ಲಿ ಚಿವುಟಿ ಹಿಡಿಯಲು ಹೋದರೆ ಸಿಗುತ್ತಿಲ್ಲ. ಎರಡು ಬಳೆ ಒಡೆದ ಮೇಲೆ ಆಕೆಯೇ, "ಏನಮ್ಮ ಇದು, ಕೈ ಮರದ ಹಾಗಿದೆ, ಡಾಕ್ಟರಿಗೆ ತೋರಿಸಿ" ಅಂದಳು. ಅಷ್ಟು ಹೊತ್ತಿಗೆ ಮೂರು ಡಾಕ್ಟರಿಗೆ ತೋರಿಸಿ ಆಗಿತ್ತು! ಅವರು ಯಾರೂ ಹೇಳದ್ದನ್ನು ಬಳೆಯವಳು ಹೇಳಿದಳು.

ಆ ಮೂವರಲ್ಲಿ ಒಬ್ಬರ ವಿಷಯ ಹೇಳಲೇಬೇಕು. ಊರು, ಹೆಸರು ಬೇಡ. ಕೈ ಊತ, ಗಂಟು ನೋವು ಅಂತ ಹೋದರೆ 'ವಾತ' ಅಂತ ಹೇಳಿ ಸ್ಟೀರಾಯ್ಡ್ ಮಾತ್ರೆ ಬರೆದರು. ದಿನಕ್ಕೆ 30 ಮಿಲಿಗ್ರಾಂ. ನುಂಗಿದ ಎರಡೇ ದಿನಕ್ಕೆ ನೋವು ಹಾರಿಹೋಯಿತು. ಅಕ್ಕನಿಗೆ ಅವರು ದೇವರ ಹಾಗೆ ಕಂಡರು. ಒಂದು ತಿಂಗಳಿಗೆ ಅಂತ ಕೊಟ್ಟಿದ್ದನ್ನು ಅದೇ ಚೀಟಿ ತೋರಿಸಿ ನಾಲ್ಕು ತಿಂಗಳು ತಂದು ನುಂಗಿದಳು. ಆಮೇಲೆ ಬೆಂಗಳೂರಲ್ಲಿ ರುಮಟಾಲಜಿ ಡಾಕ್ಟರ್, ಅಂದರೆ ಕೀಲುನೋವು ಮತ್ತು ಇಂಥ ಕಾಯಿಲೆಗಳನ್ನು ನೋಡುವವರು, ಆ ಚೀಟಿ ನೋಡಿ ಒಂದು ಕ್ಷಣ ಮಾತಾಡಲಿಲ್ಲ. ತಕ್ಷಣ ಬಿಪಿ ನೋಡಿದರು, ಮೂತ್ರ ಪರೀಕ್ಷೆಗೆ ಕಳಿಸಿದರು. ಯಾಕೆ ಅಂದರೆ ಸ್ಕ್ಲೆರೋಡರ್ಮಾ ಇರುವವರಲ್ಲಿ, ಅದರಲ್ಲೂ ಚರ್ಮ ಬೇಗ ಬೇಗ ಬಿಗಿಯುತ್ತಿರುವ ಮೊದಲ ಕೆಲವು ವರ್ಷಗಳಲ್ಲಿ, ದಿನಕ್ಕೆ 15 ಮಿಲಿಗ್ರಾಂ ಮೀರಿದ ಸ್ಟೀರಾಯ್ಡ್ ಕಿಡ್ನಿಗೆ ದೊಡ್ಡ ಅಪಾಯ ತರಬಹುದು. ಬಿಪಿ ಇದ್ದಕ್ಕಿದ್ದ ಹಾಗೆ ಏರಿ, ಕೆಲವೇ ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಅಕ್ಕನಿಗೆ ಹಾಗೆ ಆಗಲಿಲ್ಲ, ದೇವರು ದೊಡ್ಡವನು. ಇದನ್ನು ಓದಿ ಯಾರಾದರೂ ಗಾಬರಿಯಿಂದ ಸ್ಟೀರಾಯ್ಡನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಅದೂ ಅಪಾಯವೇ. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಇಳಿಸಬೇಕು.

ಕಿಡ್ನಿಯ ಈ ಮಾತು ಬಂತಲ್ಲ, 'ಚಿಕಿತ್ಸೆ ಇಲ್ಲ' ಅಂದವರಿಗೆ ಉತ್ತರವೂ ಇದರಲ್ಲೇ ಇದೆ. ಒಂದು ಕಾಲದಲ್ಲಿ ಈ ಕಾಯಿಲೆಯವರಿಗೆ ಕಿಡ್ನಿ ಹೀಗೆ ಕೆಟ್ಟರೆ ಕಥೆ ಮುಗಿದ ಹಾಗೆಯೇ. ಆಮೇಲೆ ಕ್ಯಾಪ್ಟೋಪ್ರಿಲ್, ಎನಾಲಾಪ್ರಿಲ್ ಅನ್ನುವ ಬಿಪಿ ಮಾತ್ರೆಗಳು ಬಂದವು. ಅಮೆರಿಕದ ಡಾಕ್ಟರುಗಳು 1990ರಲ್ಲಿ ಬರೆದ ವರದಿ ಪ್ರಕಾರ ಈ ಗುಂಪಿನ ಮಾತ್ರೆ ತೆಗೆದುಕೊಂಡವರಲ್ಲಿ ಒಂದು ವರ್ಷದ ನಂತರ 100ಕ್ಕೆ 76 ಜನ ಬದುಕಿದ್ದರು. ತೆಗೆದುಕೊಳ್ಳದವರಲ್ಲಿ 15 ಜನ. ಎನಾಲಾಪ್ರಿಲ್ ಇವತ್ತು ಯಾವ ಮೆಡಿಕಲ್ ಶಾಪಿನಲ್ಲಾದರೂ ಕಡಿಮೆ ದುಡ್ಡಿಗೆ ಸಿಗುವ ಮಾತ್ರೆ. ಬೇಕಾಗಿದ್ದು ಬಿಪಿ ಏರಿದ ದಿನವೇ ಅದು ಗೊತ್ತಾಗುವುದು, ಅಷ್ಟೇ. ಮೊದಲೇ ನುಂಗಿಟ್ಟುಕೊಂಡರೆ ಉಪಯೋಗವಿಲ್ಲವಂತೆ. ಹಾಗಾಗಿ ನಮ್ಮನೆಯಲ್ಲಿ ಒಂದು ಬಿಪಿ ಮಿಷನ್ ತಂದಿಟ್ಟಿದ್ದೇವೆ. ಅಕ್ಕನ ಬಿಪಿಯ ಮೇಲಿನ ಅಂಕಿ ಮಾಮೂಲಿಗೆ 110ರ ಆಸುಪಾಸು. 140 ಮುಟ್ಟಿದರೆ, ಅಥವಾ ಮಾಮೂಲಿಗಿಂತ 30 ಜಾಸ್ತಿಯಾದರೆ, ನಾಳೆ ನೋಡೋಣ ಅನ್ನದೆ ಅವತ್ತೇ ಹೊರಡಿ ಅಂತ ಡಾಕ್ಟರ್ ಹೇಳಿದ್ದಾರೆ. ಮೇಷ್ಟ್ರ ಹಾಜರಿ ಪುಸ್ತಕದಂಥ ಒಂದು ಪುಸ್ತಕದಲ್ಲಿ ಭಾವ ದಿನಾ ಬರೆದಿಡುತ್ತಾರೆ.

ಈ ಕಾಯಿಲೆಯಲ್ಲಿ ಆಗುವುದಿಷ್ಟು. ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುತ್ತದೆ, ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಸಣ್ಣ ರಕ್ತನಾಳಗಳು ಕಿರಿದಾಗುತ್ತವೆ, ಚರ್ಮದಲ್ಲೂ ಒಳಗಿನ ಅಂಗಗಳಲ್ಲೂ ನಾರು ಕಟ್ಟುತ್ತಾ ಹೋಗುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಬಹಳ ಜಾಸ್ತಿ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಹಾಕಿ ಸರ್. ಬೆರಳು ಬಗ್ಗಿರುವುದು, ತುದಿಯಲ್ಲಿ ಹುಣ್ಣಿರುವುದು ನೋಡಿ ಕುಷ್ಠ ಅಂದುಕೊಂಡು ಒಂದು ಮದುವೆ ಊಟದ ಪಂಕ್ತಿಯಲ್ಲಿ ಅಕ್ಕನ ಪಕ್ಕ ಕೂತವರು ಎದ್ದು ಹೋಗಿದ್ದಾರೆ. ಕುಷ್ಠ ಆಗಿದ್ದರೂ ಹಾಗೆ ಎದ್ದು ಹೋಗಬಾರದು, ಆ ಮಾತು ಬೇರೆ. ಆಮೇಲಿಂದ ಅವಳು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ.

ಅಂಗಾಂಗಕ್ಕೆಲ್ಲ ಬರುವ ಕಾಯಿಲೆ ಆದ್ದರಿಂದ ಚಿಕಿತ್ಸೆಯೂ ಹಾಗೆಯೇ, ಯಾವ ಅಂಗಕ್ಕೆ ತೊಂದರೆಯೋ ಅದಕ್ಕೆ ತಕ್ಕ ಔಷಧಿ. ಒಂದೇ ರಾಮಬಾಣ ಇಲ್ಲ, ಅದಕ್ಕೇ 'ಚಿಕಿತ್ಸೆ ಇಲ್ಲ' ಅನ್ನುವ ಮಾತು ಹುಟ್ಟಿದೆ ಅನ್ನಿಸುತ್ತದೆ. ಬೆರಳಿಗೆ ರಕ್ತ ಓಡಲು ನಿಫೆಡಿಪಿನ್. ಅದು ಸಾಲದಿದ್ದರೆ ಸಿಲ್ಡೆನಾಫಿಲ್. ಹುಣ್ಣು ಮತ್ತೆ ಮತ್ತೆ ಏಳುತ್ತಿದ್ದರೆ ಬೋಸೆಂಟಾನ್. ಈ ಸಿಲ್ಡೆನಾಫಿಲ್ ತರಲು ಹೋದಾಗ ಅಂಗಡಿಯವನು ಭಾವನ ಮುಖ ನೋಡಿ ನಕ್ಕು ಪಕ್ಕದ ಹುಡುಗನಿಗೆ ಏನೋ ಹೇಳಿದನಂತೆ. ಅದು ಗಂಡಸರ ಮಾತ್ರೆ ಅಂತಲೇ ಜನಕ್ಕೆ ಗೊತ್ತು. ಹೆಂಡತಿಯ ಬೆರಳು ಕೊಳೆಯದೆ ಉಳಿಯಲಿ ಅಂತ ತರುವ ಮಾತ್ರೆಗೆ ಆ ಮನುಷ್ಯ ತಲೆ ತಗ್ಗಿಸಿ ನಿಲ್ಲಬೇಕಾಯಿತು. ಮೆಡಿಕಲ್ ಶಾಪಿನವರು ದಯವಿಟ್ಟು ಇದನ್ನು ಓದಲಿ. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದ ಒತ್ತಡ ಏರಿದವರಿಗೂ ಇದೇ ಮಾತ್ರೆ ಕೊಡುತ್ತಾರೆ.

ಶ್ವಾಸಕೋಶ ಅಂದರೆ ಈ ಕಾಯಿಲೆಯಲ್ಲಿ ಬಹಳ ಹುಷಾರಾಗಿರಬೇಕಾದ ಜಾಗ. ಇವತ್ತು ಈ ಕಾಯಿಲೆಯವರ ಜೀವಕ್ಕೆ ಎಲ್ಲಕ್ಕಿಂತ ದೊಡ್ಡ ಅಪಾಯ ಬರುವುದು ಅಲ್ಲಿಂದಲೇ. ಅಕ್ಕನಿಗೆ ಸ್ಕ್ಯಾನ್ ಮಾಡಿದಾಗ ಎರಡೂ ಕಡೆ ಬುಡದಲ್ಲಿ ನಾರು ಕಟ್ಟಲು ಶುರುವಾಗಿತ್ತು. ಅವಳಿಗೆ ಕೆಮ್ಮೂ ಇರಲಿಲ್ಲ, ಮೇಲುಸಿರೂ ಇರಲಿಲ್ಲ! ಗೊತ್ತಾಗಿದ್ದು ಬರೀ ಪರೀಕ್ಷೆಯಿಂದ. ಮೈಮೇಲೆ ತಿರುಗಿಬಿದ್ದ ಆ ಶಕ್ತಿಯನ್ನು ತಗ್ಗಿಸುವ ಮೈಕೋಫಿನೊಲೇಟ್ ಅನ್ನುವ ಮಾತ್ರೆ ಶುರು ಮಾಡಿದರು. ಮೊದಲೆಲ್ಲ ಇದಕ್ಕೆ ಸೈಕ್ಲೊಫಾಸ್ಫಮೈಡ್ ಕೊಡುತ್ತಿದ್ದರು, ಕ್ಯಾನ್ಸರಿಗೂ ಕೊಡುವ ಔಷಧಿ ಅದು, ಅಡ್ಡಪರಿಣಾಮ ಜಾಸ್ತಿ. ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2016ರಲ್ಲಿ ಬಂತು. ಮೈಕೋಫಿನೊಲೇಟ್ ಅಷ್ಟೇ ಕೆಲಸ ಮಾಡುತ್ತದೆ, ತೊಂದರೆ ಕಡಿಮೆ ಅಂತ ಗೊತ್ತಾಯಿತು. 2019ರಲ್ಲಿ ನಿಂಟೆಡಾನಿಬ್‌ಗೆ, 2021ರಲ್ಲಿ ಟೋಸಿಲಿಜುಮಾಬ್‌ಗೆ ಇದೇ ಶ್ವಾಸಕೋಶದ ತೊಂದರೆಗೆ ಅಂತಲೇ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇವು ಯಾವುವೂ ಹೋದ ಶ್ವಾಸಕೋಶವನ್ನು ವಾಪಸ್ ತಂದುಕೊಡುವುದಿಲ್ಲ. ಮುಂದೆ ಹೋಗುವುದನ್ನು ತಡೆಯುತ್ತವೆ, ನಿಧಾನ ಮಾಡುತ್ತವೆ. ಅದಕ್ಕೇ ಬೇಗ ಶುರು ಮಾಡಬೇಕು. ಶ್ವಾಸಕೋಶದ ಶಕ್ತಿ ಅಳೆಯಲು ಉಸಿರು ಊದಿಸುವ ಪರೀಕ್ಷೆಯಲ್ಲಿ ಅಕ್ಕನ ಲೆಕ್ಕ ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಇದ್ದ ಹಾಗೇ ಇದೆ. ಪೇಪರಿನವರಿಗೆ ಇದು ಸಣ್ಣ ಸುದ್ದಿ ಇರಬಹುದು, ನಮ್ಮ ಮನೆಗೆ ಅಲ್ಲ.

ಇನ್ನು ಹೊಟ್ಟೆಯ ಗೋಳು. ಅನ್ನನಾಳ ಬಿಗಿದು ಊಟ ಎದೆಯಲ್ಲೇ ನಿಲ್ಲುತ್ತದೆ. ಮುದ್ದೆ ಅಂದರೆ ಪ್ರಾಣ ಬಿಡುತ್ತಿದ್ದವಳು ಈಗ ತೆಳ್ಳಗೆ ಅಂಬಲಿ ಮಾಡಿಕೊಂಡು ಕುಡಿಯುತ್ತಾಳೆ. ಹುಳಿ ತೇಗಿಗೆ ದಿನಾ ಮಾತ್ರೆ ಇದೆ. ಮಂಚದ ತಲೆ ಕಡೆಯ ಎರಡು ಕಾಲಿಗೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದ್ದೇವೆ. ರಾತ್ರಿ ಊಟ ಏಳಕ್ಕೆ ಮುಗಿಯಬೇಕು. ಬಾಯಿ ಕಿರಿದಾಗಿ ಹಲ್ಲುಜ್ಜುವುದೂ ಕಷ್ಟ, ಅದಕ್ಕೆ ದಿನಾ ಬಾಯಿ ಅಗಲಿಸುವ ವ್ಯಾಯಾಮ. ಕೈಗೆ ಬಿಸಿ ಮೇಣದ ಶಾಖ, ಆಮೇಲೆ ಬೆರಳು ಬಿಡಿಸುವುದು, ಕೊಬ್ಬರಿ ಎಣ್ಣೆ ತಿಕ್ಕುವುದು. ಎರಡು ಅಂಗೈ ಸೇರಿಸಿ ಕೈ ಮುಗಿಯಿರಿ ಅಂತ ಫಿಸಿಯೋಥೆರಪಿಯವರು ಪ್ರತಿ ಸಲ ಹೇಳುತ್ತಾರೆ. ಅವಳ ಅಂಗೈ ನಡುವೆ ಒಂದು ನಿಂಬೆಹಣ್ಣು ಹಿಡಿಸುವಷ್ಟು ಸಂದು ಉಳಿಯುತ್ತದೆ. ಹೋದ ವರ್ಷ ಅದು ಇನ್ನೂ ದೊಡ್ಡದಿತ್ತು.

ಈಗ ಪವಾಡದ ಔಷಧಿಗಳ ವಿಷಯ. ನಿಮ್ಮ 'ಚಿಕಿತ್ಸೆ ಇಲ್ಲ' ಅನ್ನುವ ಒಂದು ಸಾಲಿನಿಂದ ಯಾರಿಗೆ ಲಾಭ ಗೊತ್ತಾ? ಇವರಿಗೆ. ದೊಡ್ಡ ಡಾಕ್ಟರುಗಳ ಹತ್ತಿರ ಇಲ್ಲ ಅಂದ ಮೇಲೆ ಜನ ಎಲ್ಲಿಗೆ ಹೋಗಬೇಕು? ನಮಗೂ ಎಷ್ಟೋ ಜನ ಫೋನ್ ನಂಬರ್ ಕೊಟ್ಟರು. ಆರು ತಿಂಗಳ ಪುಡಿ, ಮೂರು ತಿಂಗಳ ಲೇಹ್ಯ, ಇಂಥವರಿಗೆ ಚರ್ಮ ಮೆತ್ತಗಾಗಿದೆ ಅಂತ ಫೋಟೋ. ಚರ್ಮ ಮೆತ್ತಗಾಗಿದ್ದು ನಿಜವೇ ಇರಬಹುದು. ಆದರೆ ಈ ಕಾಯಿಲೆಯಲ್ಲಿ ಮೊದಲ ಎರಡು ಮೂರು ವರ್ಷ ಬಿಗಿದ ಚರ್ಮ ಆಮೇಲೆ ಎಷ್ಟೋ ಜನರಲ್ಲಿ ತಾನಾಗಿಯೇ ಸಡಿಲವಾಗುತ್ತದೆ. ಆ ಹೊತ್ತಿಗೆ ಯಾರ ಪುಡಿ ತಿನ್ನುತ್ತಿದ್ದರೋ ಅವರಿಗೆ ಹೆಸರು. ಒಳಗೆ ಶ್ವಾಸಕೋಶ ಏನಾಗಿದೆ ಅಂತ ಫೋಟೋದಲ್ಲಿ ಕಾಣುವುದಿಲ್ಲ. ಇದು ನಾಟಿ ಔಷಧಿಯ ಮೇಲಿನ ಸಿಟ್ಟಲ್ಲ, ಇಂಗ್ಲಿಷ್ ಔಷಧಿಗೂ ಇದೇ ಮಾತು. ಡಿ-ಪೆನಿಸಿಲಮೈನ್ ಅನ್ನುವ ಮಾತ್ರೆಯನ್ನು ವರ್ಷಗಟ್ಟಲೆ ಕೊಡುತ್ತಿದ್ದರು. ಜಾಸ್ತಿ ಡೋಸ್, ತೀರಾ ಕಡಿಮೆ ಡೋಸ್ ಎರಡನ್ನೂ ಹೋಲಿಸಿ 1999ರಲ್ಲಿ ನೋಡಿದಾಗ ವ್ಯತ್ಯಾಸವೇ ಇರಲಿಲ್ಲ. ಮಿನೊಸೈಕ್ಲಿನ್ ಅನ್ನುವ ಆಂಟಿಬಯಾಟಿಕ್‌ನಿಂದ ಗುಣವಾಗುತ್ತದೆ ಅಂತ ವಿದೇಶದಲ್ಲಿ ಬಹಳ ಜನ ನಂಬಿದ್ದರು, ನಾನೂ ಅದನ್ನು ಓದಿ ಆಸೆಪಟ್ಟು ಡಾಕ್ಟರನ್ನು ಕೇಳಿದ್ದೆ. 2004ರಲ್ಲಿ ಪ್ರಯೋಗ ಮಾಡಿ ನೋಡಿದರೆ ಅದರಿಂದ ಪ್ರಯೋಜನ ಕಾಣಲಿಲ್ಲ. ಕಷ್ಟದಲ್ಲಿರುವವರು ಆಸೆಪಡುವುದು ತಪ್ಪಲ್ಲ. ಆ ಆಸೆಯ ಹೆಸರಲ್ಲಿ ಅಸಲಿ ಮಾತ್ರೆ ಬಿಡಿಸುವುದು ತಪ್ಪು. ನಮ್ಮ ಡಾಕ್ಟರ ಕ್ಯೂನಲ್ಲಿ ಪರಿಚಯವಾದ ಒಬ್ಬರು ಪುಡಿಗಾಗಿ ಎಲ್ಲ ಮಾತ್ರೆ ಬಿಟ್ಟು ಒಂದು ವರ್ಷದ ನಂತರ ಆಕ್ಸಿಜನ್ ಸಿಲಿಂಡರ್ ಜೊತೆ ಬಂದರು.

ತೀರಾ ಜೋರಾಗಿ ಮುಂದುವರಿಯುವವರಿಗೆ ರಕ್ತ ಹುಟ್ಟಿಸುವ ಅವರದೇ ಕಾಂಡಕೋಶ (ಸ್ಟೆಮ್ ಸೆಲ್) ತೆಗೆದು ವಾಪಸ್ ಕೊಡುವ ಚಿಕಿತ್ಸೆ ಇದೆ. 2014 ಮತ್ತು 2018ರಲ್ಲಿ ಬಂದ ದೊಡ್ಡ ಅಧ್ಯಯನಗಳಲ್ಲಿ ಅದರಿಂದ ಹೆಚ್ಚು ಜನ ಹೆಚ್ಚು ಕಾಲ ಬದುಕಿದ್ದು ಕಂಡಿದೆ. ಆದರೆ ಮೊದಲನೆಯದರಲ್ಲಿ ಚಿಕಿತ್ಸೆಯಿಂದಲೇ 100ಕ್ಕೆ ಸುಮಾರು 10 ಜನ ಮೊದಲ ವರ್ಷ ತೀರಿಕೊಂಡರು. ಎಲ್ಲರಿಗೂ ಅಲ್ಲ ಅದು. 'ಸ್ಟೆಮ್ ಸೆಲ್' ಅಂತ ಬೋರ್ಡ್ ಹಾಕಿಕೊಂಡು ಇಂಜೆಕ್ಷನ್ ಕೊಡುವ ಕ್ಲಿನಿಕ್‌ಗಳದ್ದು ಇದಲ್ಲ, ಮೋಸ ಹೋಗಬೇಡಿ. ಮೈಮೇಲೆ ಒಂದೋ ಎರಡೋ ಕಡೆ ಮಾತ್ರ ಚರ್ಮ ಗಟ್ಟಿಯಾಗುವ ಮಾರ್ಫಿಯಾ ಅಂತ ಒಂದಿದೆ. ಮಕ್ಕಳಿಗೂ ಬರುತ್ತದೆ. ಅದು ಒಳಗಿನ ಅಂಗಗಳಿಗೆ ಹೋಗುವ ಕಾಯಿಲೆಯಲ್ಲ, ಅದರ ಚಿಕಿತ್ಸೆಯೇ ಬೇರೆ. ನಿಮ್ಮ ಬರಹದಲ್ಲಿ ಎರಡನ್ನೂ ಕಲಸಿಬಿಟ್ಟಿದ್ದಾರೆ. ಕಲ್ಲಿನ ಧೂಳಿಗೂ ಈ ಕಾಯಿಲೆಗೂ ನಂಟಿದೆ ಅಂತ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಕೆಲಸ ಮಾಡಿದವರನ್ನು ನೋಡಿ 1957ರಲ್ಲೇ ಎರಾಸ್ಮಸ್ ಅನ್ನುವ ಡಾಕ್ಟರ್ ಬರೆದಿದ್ದಾರೆ. ನಮ್ಮಲ್ಲಿ ಇಳಕಲ್, ಚಾಮರಾಜನಗರದ ಕಡೆ ಗ್ರಾನೈಟ್ ಕೆಲಸ ಮಾಡುವ ಗಂಡಸರ ಬೆರಳು ಬಿಳಿಯಾದರೆ ಅಲ್ಲಿಯ ಡಾಕ್ಟರುಗಳು ಇದನ್ನೂ ನೆನಪಿಟ್ಟುಕೊಂಡರೆ ಒಳ್ಳೆಯದು.

ಕೊನೆಗೆ ದುಡ್ಡಿನ ಮಾತು, ಆಡಲೇಬೇಕು. ಶಕ್ತಿ ಯೋಜನೆ ಬಂದ ಮೇಲೆ ಅಕ್ಕನ ಬಸ್ ಚಾರ್ಜ್ ಉಳಿದಿದೆ, ನಿಜವಾಗಿ ದೊಡ್ಡ ಉಪಕಾರ. ಆದರೆ ತಿಂಗಳ ಮಾತ್ರೆಗೆ ಭಾವನ ಸಂಬಳದ ಕಾಲು ಭಾಗಕ್ಕಿಂತ ಜಾಸ್ತಿ ಹೋಗುತ್ತದೆ. ಆಯುಷ್ಮಾನ್ ಕಾರ್ಡ್ ಇದೆಯಲ್ಲ ಅನ್ನಬಹುದು. ಅದು ಮುಖ್ಯವಾಗಿ ಆಸ್ಪತ್ರೆಗೆ ಸೇರಿದಾಗ ಆಗುವ ಖರ್ಚಿಗೆ. ಮನೆಯಲ್ಲಿದ್ದು ವರ್ಷಗಟ್ಟಲೆ ನುಂಗುವ ಮಾತ್ರೆಗೆ ಅಲ್ಲ. ಕಿಡ್ನಿ ಪೂರ್ತಿ ಹೋದರೆ ಬಡವರಿಗೆ ಜಿಲ್ಲಾಸ್ಪತ್ರೆಯಲ್ಲಿ ಉಚಿತ ಡಯಾಲಿಸಿಸ್ ಇದೆ, ಹೋಗದಂತೆ ಕಾಯುವ ಮಾತ್ರೆ ಮತ್ತು ಪರೀಕ್ಷೆಗೆ ನಾವೇ ದುಡ್ಡು ಹೊಂದಿಸಬೇಕು. ಎಚ್‌ಐವಿ ಔಷಧಿಯನ್ನು 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿದೆ, ಅದರಿಂದ ಎಷ್ಟು ಜೀವ ಉಳಿದಿವೆ. ಹಾಗೆಯೇ ಸ್ಕ್ಲೆರೋಡರ್ಮಾ, ಲೂಪಸ್‌ನಂಥ (ಇದರಲ್ಲೂ ಮೈ ಕಾಯುವ ಶಕ್ತಿಯೇ ತಿರುಗಿಬೀಳುತ್ತದೆ) ಕಾಯಿಲೆಯವರಿಗೆ ಮೈಕೋಫಿನೊಲೇಟ್, ನಿಫೆಡಿಪಿನ್‌ನಂಥ ನಾಲ್ಕೈದು ಮಾತ್ರೆ ಜಿಲ್ಲಾಸ್ಪತ್ರೆಯಲ್ಲಿ ತಿಂಗಳು ತಿಂಗಳು ಸಿಗುವ ಹಾಗೆ ಮಾಡಲು ಆಗುವುದಿಲ್ಲವಾ? ತಿಂಗಳಿಗೆ ಒಂದು ದಿನ ರುಮಟಾಲಜಿ ಡಾಕ್ಟರ್ ಹಾಸನಕ್ಕೆ ಬಂದು ಕೂತರೂ ಸಾಕು, ಬೆರಳಿಗೆ ಎರಡು ಜೊತೆ ಗ್ಲೌಸ್ ಹಾಕಿಕೊಂಡು ಅಕ್ಕ ರಾತ್ರಿ ಬಸ್ಸಿನ ಕಿಟಕಿ ಗಾಳಿಯಲ್ಲಿ ಬೆಂಗಳೂರಿಗೆ ಹೋಗುವುದು ತಪ್ಪುತ್ತದೆ.

ಇನ್ನೊಂದಿದೆ, ರೇಷನ್ ಅಂಗಡಿಯ ಹೆಬ್ಬೆಟ್ಟು. ಚರ್ಮ ಬಿಗಿದು ನುಣ್ಣಗಾದ ಬೆರಳಿನ ಗೆರೆ ಮಿಷನ್‌ಗೆ ಸಿಗುವುದಿಲ್ಲ. ಒತ್ತು, ಇನ್ನೂ ಗಟ್ಟಿಯಾಗಿ ಒತ್ತು ಅಂತ ಹಿಡಿದು ಒತ್ತಿಸಿ ಒಮ್ಮೆ ವಾಸಿಯಾಗುತ್ತಿದ್ದ ಹುಣ್ಣು ಒಡೆದು ಮಿಷನ್ ಗಾಜಿನ ಮೇಲೆ ರಕ್ತವಾಯಿತು. ಆ ತಿಂಗಳ ಅಕ್ಕಿಯೂ ಸಿಗಲಿಲ್ಲ. ಕಣ್ಣಿನ ಪಾಪೆಯ ಗುರುತು, ಫೋನಿಗೆ ಬರುವ ಒಟಿಪಿ, ಹೀಗೆ ಬೇರೆ ದಾರಿಗಳಿವೆ. ಅವನ್ನು ಬಳಸಿ ಅಂತ ಅಂಗಡಿಯವರಿಗೆ ಮತ್ತೆ ಮತ್ತೆ ಹೇಳುವವರು ಬೇಕು. ಅಂಗವಿಕಲರ 2016ರ ಕಾಯ್ದೆಯ 21 ವಿಧಗಳಲ್ಲಿ ಈ ಕಾಯಿಲೆಯ ಹೆಸರಿಲ್ಲ, ಕೈ ಎಷ್ಟು ಬಗ್ಗಿದೆ ಅಂತ ಅಳೆದೇ ಸರ್ಟಿಫಿಕೇಟ್ ಕೊಡಬೇಕು. ಒಳಗಿನ ಶ್ವಾಸಕೋಶ, ಅನ್ನನಾಳ ಆ ಅಳತೆಗೆ ಸಿಗುವುದಿಲ್ಲ.

ಜೂನ್ 29 ವಿಶ್ವ ಸ್ಕ್ಲೆರೋಡರ್ಮಾ ದಿನ. ಈ ಕಾಯಿಲೆಯಿಂದ ಬಳಲಿದರು ಅಂತ ಹೇಳುವ ಪೌಲ್ ಕ್ಲೀ ಅನ್ನುವ ಚಿತ್ರಕಾರ 1940ರಲ್ಲಿ ತೀರಿಕೊಂಡ ದಿನ ಅದು. ಆ ದಿನವಾದರೂ ನಿಮ್ಮ ಪತ್ರಿಕೆ ಒಬ್ಬ ರುಮಟಾಲಜಿ ಡಾಕ್ಟರನ್ನು ಕೇಳಿ ಅರ್ಧ ಪುಟ ಬರೆಯಲಿ. ಅದಕ್ಕೆ ಮುಂಚೆ, 'ಚಿಕಿತ್ಸೆ ಇಲ್ಲ' ಅಂತ ಹಾಕಿದ ಅದೇ ಪುಟದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಇದೆ ಅಂತ ಒಂದು ತಿದ್ದುಪಡಿ ಹಾಕಿ. ನಿಮ್ಮ ವರದಿಗಾರರು ಯಾರಾದರೂ ಬಂದರೆ ಅಕ್ಕ ಮಾತಾಡಲು ತಯಾರಿದ್ದಾಳೆ, ಕೇಳಿಯೇ ಬರೆಯುತ್ತಿದ್ದೇನೆ. ಚಳಿಗಾಲದಲ್ಲಿ ಬರುವುದಾದರೆ ಬೆಳಿಗ್ಗೆ ಹತ್ತು ಗಂಟೆಯ ಮೇಲೆ ಬನ್ನಿ. ಅದಕ್ಕೆ ಮುಂಚೆ ಅವಳ ಬೆರಳು ಬಗ್ಗುವುದಿಲ್ಲ, ಬಂದವರಿಗೆ ಒಂದು ಲೋಟ ಕಾಫಿ ಮಾಡಿಕೊಡಲು ಆಗಲಿಲ್ಲ ಅಂತ ಬೇಜಾರು ಮಾಡಿಕೊಳ್ಳುತ್ತಾಳೆ.

ಇಂತಿ,
ನಿಮ್ಮ ಪತ್ರಿಕೆಯ ಹಳೆಯ ಓದುಗರಲ್ಲೊಬ್ಬಳು
ಸಕಲೇಶಪುರ ತಾಲ್ಲೂಕು, ಹಾಸನ ಜಿಲ್ಲೆ